ಬಂಜೆ ಎಂದು ಕಡಿಸಿದ ಪರಂಗಿ ಗಿಡಗಳು

ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಊರು ಯಾವುದೆಂದು ಕೇಳಬೇಡಿ, ಹೇಳಿದರೆ ಇಲ್ಲೇ ಕೆಲವರು ತಲೆ ತಗ್ಗಿಸಬೇಕಾಗುತ್ತದೆ.

ಅವನಿಗೊಂದು ಪರಂಗಿ ತೋಟ. ಸುತ್ತಲೂ ಕಣಗಿಲೆ ಬೇಲಿ, ಆ ಹೂವೇ ಪೂಜೆಗೆ. ಒಂದು ದಿನ ಕಣಗಿಲೆಯ ಎಲೆ ಮೇಲೆ ಬೆರಳು ಗಾತ್ರದ ಹಸಿರು ಹುಳು ಕಂಡಿತು. ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಮಚ್ಚೆ. "ದೇವರ ಹೂವಿನ ಗಿಡದಲ್ಲಿ ಹುಳವೇ?" ಅಂದ. ಬೇಲಿಗೆಲ್ಲ ವಿಷ ಹೊಡೆಸಿದ. ವಾರ ವಾರವೂ ಹೊಡೆಸಿದ. ನೋಡಿ ಭಕ್ತಿಯನ್ನು, ವಿಷ ಹೊಡೆದ ಹೂವನ್ನೇ ದೇವರ ತಲೆಗೆ ಏರಿಸಿದ.

ಆ ಹುಳು ಏನಾಗಬೇಕಿತ್ತು? ಹಾಕ್ ಮಾತ್ ಅನ್ನುವ ದೊಡ್ಡ ಪತಂಗವಾಗಬೇಕಿತ್ತು. ಮುಸ್ಸಂಜೆಗೆ ಬರುತ್ತದಲ್ಲ, ಹೂವಿನ ಮೇಲೆ ಕೂರದೆ ಗಾಳಿಯಲ್ಲೇ ನಿಂತು, ಉದ್ದನೆಯ ಕೊಳವೆ ಚಾಚಿ ಮಕರಂದ ಹೀರುತ್ತದಲ್ಲ, ಅದು. ಪರಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಯಾರು ಮುಟ್ಟಿಸಬೇಕು? ಆ ತೋಟದಲ್ಲಿ ಈ ಪತಂಗವೇ ಮುಟ್ಟಿಸುತ್ತಿತ್ತು.

ಪತಂಗ ಬರುವುದು ನಿಂತಿತು. ಹೆಣ್ಣು ಗಿಡಗಳ ಹೂವೆಲ್ಲ ಉದುರಿತು, ಒಂದು ಕಾಯಿಯೂ ಕಚ್ಚಲಿಲ್ಲ. ಊಟಕ್ಕೆ ಕೂತಾಗ ಶ್ರೀಮಂತ ಏನೆಂದ? "ಬಂಜೆ ಗಿಡಗಳು, ಕಡಿದು ಹಾಕಿ." ಅಂದವನು ಸೊಸೆಯ ಕಡೆ ತಿರುಗಿದ. ಅವಳಿಗೆ ಮಕ್ಕಳಾಗಿರಲಿಲ್ಲ. "ಮನೆಯಲ್ಲೂ ಒಂದಿದೆ. ಸುಗ್ಗಿ ಮುಗಿಯಲಿ, ಅದನ್ನೂ ತವರಿಗೆ ಅಟ್ಟೋಣ." ಮಗನನ್ನು ಯಾರೂ ಏನೂ ಕೇಳಲಿಲ್ಲ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮಾವ, ಒಂದು ಗಿಡ ನನಗೆ ಬಿಡಿ," ಅಂದಳು ಸೊಸೆ.

"ಇಟ್ಕೋ. ನಿನಗೂ ಜೊತೆಯಾಗುತ್ತೆ."

ಉಳಿದ ಹೆಣ್ಣು ಗಿಡಗಳನ್ನೆಲ್ಲ ಕಡಿದರು. ಅವಳು ಕಡಿಯದೆ ಬಿಟ್ಟ ಗಂಡು ಗಿಡದಿಂದ ಹೂವು ಕಿತ್ತು ತಂದು ತನ್ನ ಗಿಡದ ಹೆಣ್ಣು ಹೂವಿಗೆ ಸವರಿದಳು. ಸತ್ತ ಪತಂಗದ ಕೆಲಸ ಅವಳ ಬೆರಳು ಮಾಡಿತು. ಗಿಡದ ತುಂಬ ಕಾಯಿ. ಮೊದಲ ಹಣ್ಣು ಹೆಚ್ಚಿ ಮಾವನ ಮುಂದಿಟ್ಟಳು. "ಗಿಡ ಬಂಜೆಯಾಗಿರಲಿಲ್ಲ ಮಾವ. ಅದರ ಹತ್ತಿರ ಬರುವವರನ್ನು ನೀವು ಕೊಂದಿದ್ದಿರಿ."

ಅವನು ತಿಂದ. "ಸಿಹಿ ಇದೆ," ಅಂದ. ಕೈ ತೊಳೆದು, ಬೇಲಿಗೆ ವಿಷ ಹೊಡೆಯಲು ಹೇಳಿದ. ಅವಳು ತವರಿಗೆ ಹೊರಟಳು. ಯಾರೂ ಅಟ್ಟಲಿಲ್ಲ, ತಾನೇ ಹೊರಟಳು.

ನಗುತ್ತೀರಾ? ನಿಮ್ಮ ಅಂಗಳದ ಕಣಗಿಲೆ ನಾನು ನೋಡಿದ್ದೇನೆ, ಒಂದು ಎಲೆಗೂ ತೂತಿಲ್ಲ. ಹುಳು ಎಲೆ ತಿಂದರೆ ದೇವರಿಗೇನು ಕಡಿಮೆಯಾಯಿತು? ನಾಳೆಯಿಂದ ಆ ವಿಷ ಹೊಡೆಯುವುದನ್ನು ನಿಲ್ಲಿಸಿ. ಹುಳು ತಿಂದ ಗಿಡದ ಹೂವನ್ನೇ ಪೂಜೆಗೆ ತನ್ನಿ. ಇನ್ನು ಬಂಜೆ ಅನ್ನುವ ಮಾತು, ಅದನ್ನು ಗಿಡಕ್ಕೂ ಅನ್ನಬೇಡಿ, ಹೆಣ್ಣಿಗಂತೂ ಅನ್ನಲೇಬೇಡಿ. ಅಂದೇ ತೀರುತ್ತೀರಾದರೆ, ಅದೇ ಬಾಯಿಂದ ದೇವರ ಹೆಸರು ಹೇಳಬೇಡಿ.