ಮೊಣಕಾಲಿನ ಗುಳಿ

ಚರ್ಚಿಗೆ ಬೆಂಕಿ ಬಿದ್ದ ಬೆಳಗ್ಗೆ ಪ್ರಾರ್ಥನೆಯ ಗಂಟೆ ಕೇಳಿಸಲಿಲ್ಲ. ಪರಮಪ್ರಸಾದದ ಪವಿತ್ರ ರೊಟ್ಟಿಯನ್ನು ಹೊರಗೆ ತರಲು ಒಳಹೊಕ್ಕ, ದಿನಾ ಆ ಗಂಟೆ ಬಾರಿಸುತ್ತಿದ್ದ ಗಂಟೆಯಣ್ಣ ತೀರಿಕೊಂಡರೆಂದು ಊರಿಗೆ ತಿಳಿದದ್ದು ಹಾಗೆ. ವರ್ಷದ ಮೇಲೆ ಒಂದು ದಿನ, ಬಸ್ಸಿನ ಸಾಲಿನಲ್ಲಿ ನಿಂತಿದ್ದ ಮುದುಕ ಮೇಷ್ಟ್ರಿಗೆ ಮುಂದಿನಿಂದ ಗಂಟೆಯಣ್ಣನ ಹೆಂಡತಿಯ ದನಿ ಕೇಳಿಸಿತು. ಜೊತೆಗಿದ್ದವನು ಚರ್ಚಿನ ದುರಸ್ತಿಗೆ ಬಂದ ಬಡಗಿ.

“ಪೀಠದ ಮುಂದೆ ನಮ್ಮವರು ಮೊಣಕಾಲೂರ್ತಿದ್ದ ಹಲಗೆ ಉಳೀತೇನಪ್ಪಾ?”

“ಉಳೀತಕ್ಕಾ. ಮೇಲ್ಭಾಗ ಕರಕಲಾಗಿತ್ತು. ಮಗುಚಿ ಹಾಕಿದೀನಿ, ಈಗ ಕನ್ನಡಿ ಹಾಗಿದೆ.”

“ಮಗುಚಿದ್ಯಾ? ಊರಿ ಊರಿ ಸವೆದಿದ್ದ ಅವರ ಮೊಣಕಾಲಿನ ಗುಳಿ ಎರಡೂ ಕೆಳಕ್ಕೆ ಹೋಯ್ತಲ್ಲೋ!”

ಬಡಗಿ ತಡವರಿಸಿದ. “ಸುಟ್ಟದ್ದು ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಮಾಡಿದೆ.”

“ನಾಳೆ ಮೊದಲ ಪೂಜೆಗೆ ಆ ಗುಳೀಲೇ ಮೊಣಕಾಲಿಡೋಣ ಅಂತಿದ್ದೆ. ಮನೇಲಿ ನನ್ನ ಪಕ್ಕ ಕೂತಿದ್ದಕ್ಕಿಂತ ಅಲ್ಲೇ ಜಾಸ್ತಿ ಇದ್ದಿದ್ದು, ಮಹರಾಯ್ರು.”

“ಇವತ್ತೇ ಮೊಳೆ ಕಿತ್ತು ತಿರುಗಿಸಿಬಿಡ್ತೀನಿ.”

ಆಕೆ ತಲೆಯಲ್ಲಾಡಿಸಿದರು.

“ಬೇಡ ಬಿಡಪ್ಪಾ. ಬಂದವರ ಬಟ್ಟೆಗೆಲ್ಲ ಮಸಿ ಹತ್ತುತ್ತೆ. ಆ ಜಾಗದಲ್ಲಿ ಒಂದು ಚೂರು ಧೂಳಿದ್ರೂ ಅವರು ಸುಮ್ನಿರ್ತಿರಲಿಲ್ಲ. ಕೆಳಗಿದೆ ಅಂತ ನನಗೆ ಗೊತ್ತಲ್ಲ, ಸಾಕು.”

ಬಸ್ಸು ಬಂತು. ಬಡಗಿ ಆಕೆಯ ಕೈಹಿಡಿದು ಹತ್ತಿಸಿದ. ಮೇಷ್ಟ್ರು ಹತ್ತುವುದನ್ನು ಮರೆತು ನಿಂತಲ್ಲೇ ಶಿಲುಬೆಯ ಗುರುತು ಹಾಕಿಕೊಂಡರು. ಪ್ರಭುವೇ, ಇಷ್ಟು ಕಾಲ ನಿನ್ನ ಮುಂದೆ ಮೊಣಕಾಲೂರಿದವನನ್ನು ಇನ್ನಾದರೂ ನಿನ್ನ ಪಕ್ಕದಲ್ಲಿ ಕೂರಿಸಿಕೋ. ಅವನ ಆತ್ಮಕ್ಕೆ ಶಾಂತಿ ಕೊಡು.