ಒದ್ದೆಯಾಗಬಾರದ ಬಾವುಟ

ಮಾನ್ಯ ಅಧ್ಯಕ್ಷ ಎಕಾರ್ಟ್ ಅವರೇ, ಪೂಜ್ಯ ಪಾದ್ರಿಗಳೇ, ನೆಕ್ಕರ್ ಹೊಳೆಯ ಮೇಲಿನ ಮತ್ತು ಕೆಳಗಿನ ಊರುಗಳಿಂದ ಬಂದು ಈ ಗೋಡೆಗೆ ಒರಗಿ ನಿಂತಿರುವ ಸೋದರ ಸಂಘಗಳ ಘನತೆವೆತ್ತ ಬಾವುಟಗಳೇ, ಆ ಬಾವುಟಗಳನ್ನು ಹೊತ್ತು ತಂದ ಮನುಷ್ಯರೇ, ಮತ್ತು ಸಭಿಕರೇ,

ಮನುಷ್ಯರಿಗಿಂತ ಮೊದಲು ಬಾವುಟಗಳನ್ನು ಸಂಬೋಧಿಸಿದೆನೆಂದು ಯಾರೂ ಬೇಸರಿಸಬಾರದು. ನಮ್ಮ ನಾವಿಕರ ಸಂಘದಲ್ಲಿ ಮರ್ಯಾದೆಯ ಕ್ರಮವೇ ಹಾಗೆ. ಬೆಳಿಗ್ಗೆ ಚರ್ಚಿನಲ್ಲೂ ಮುಂದಿನ ಸಾಲು ಅವುಗಳದ್ದೇ ಆಗಿತ್ತು. ಹಿರಿಯ ಸದಸ್ಯರೊಬ್ಬರು ಕಂಬದ ಹಿಂದೆ ನಿಂತು ಮಂಡಿ ಉಜ್ಜಿಕೊಳ್ಳುತ್ತಿದ್ದರು.

ಇವತ್ತು ನಮ್ಮ ಸಂಘದ ಹೊಸ ಬಾವುಟಕ್ಕೆ ಪವಿತ್ರಜಲ ಬಿದ್ದಿದೆ. ಅನೆಗ್ರೆಟ್ ಎಂಬ ನಾನು ಪದ್ಧತಿಯ ಪ್ರಕಾರ ಅದರ ತಾಯಿ. ಐವತ್ತೆಂಟನೆಯ ವಯಸ್ಸಿನಲ್ಲಿ, ಮದುವೆಯಿಲ್ಲದೆ, ಪಾದ್ರಿಗಳ ಎದುರಿಗೇ ತಾಯಿಯಾದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಬಾವುಟದ ತಾಯಿಗೆ ಇರುವ ಕೆಲಸವಾದರೂ ಏನು? ರಿಬ್ಬನ್ ಕಟ್ಟುವುದು, ಪದ್ಯ ಓದುವುದು. ರಿಬ್ಬನ್ನನ್ನು ಚರ್ಚಿನಲ್ಲೇ ಕಟ್ಟಿಬಂದೆ. ಪದ್ಯ ಬಾಕಿ ಇದೆ. ಈಗ ವೇದಿಕೆ ಹತ್ತುವಾಗ ಅಧ್ಯಕ್ಷರು ನನ್ನ ಮೊಣಕೈ ಹಿಡಿದು ಇನ್ನೊಂದು ಕೆಲಸವನ್ನೂ ಸೇರಿಸಿದರು: "ನೋಡೇ ಅನೆಗ್ರೆಟ್, ಪದ್ಯ ಓದು, ಒಂದು ಸಲ ನಗು, ಕೆಳಗಿಳಿ. ಆ ಸ್ಮಶಾನದ ಗೇಟಿನ ವಿಷಯ ಮಾತ್ರ ಎತ್ತಬೇಡ ಮಾರಾಯ್ತಿ. ಬೇರೆ ಊರಿನವರೆಲ್ಲ ಬಂದಿದ್ದಾರೆ."

ಆದ್ದರಿಂದ, ಬೇರೆ ಊರಿನವರ ಅನುಕೂಲಕ್ಕಾಗಿ, ಆ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ನಮ್ಮ ಸದಸ್ಯರೊಬ್ಬರು ಸತ್ತರೆ ಬಾವುಟ ಸಮಾಧಿಯ ತನಕ ಹೋಗುತ್ತದೆ, ತೆರೆದ ಗುಂಡಿಯ ಮೇಲೆ ಮೂರು ಸಲ ಬಾಗುತ್ತದೆ. ಸದಸ್ಯರೆಂದರೆ ಗಂಡಸರು. ಹಡಗಿನ ಹೆಂಗಸು ಸತ್ತರೆ ಬಾವುಟ ಸ್ಮಶಾನದ ಗೇಟಿನವರೆಗೆ ಬಂದು, ಚೀಲದೊಳಗೇ ಸುತ್ತಿಕೊಂಡು, ಅಲ್ಲೇ ನಿಲ್ಲುತ್ತದೆ. ಹೆಂಗಸರಿಗೂ ಅದು ಬಾಗಲಿ ಎಂದು ಜನವರಿಯ ಸಭೆಯಲ್ಲಿ ಕೇಳಿದವಳು ನಾನು. ಕೂಡದು ಎಂದು ಕೈ ಎತ್ತಿದವರು ನೀವು. ಫೆಬ್ರುವರಿಯಲ್ಲಿ ನನ್ನನ್ನು ಬಾವುಟದ ತಾಯಿ ಮಾಡಿದವರೂ ನೀವೇ. ಬಾಯಿ ಮುಚ್ಚಿಸುವುದಕ್ಕೆ ಪಟ್ಟ ಕಟ್ಟುವ ಈ ಉಪಾಯ ಯಾರ ತಲೆಗೆ ಹೊಳೆಯಿತೋ, ಅವರಿಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು. ಪಾದ್ರಿಗಳ ಒತ್ತಾಯಕ್ಕೆ ಮಣಿದು ಇವತ್ತು ಊಟವಾದ ಮೇಲೆ ನನ್ನ ಆ ಬೇಡಿಕೆಯನ್ನು ಮತ್ತೊಮ್ಮೆ ಮತಕ್ಕೆ ಹಾಕುತ್ತಾರಂತೆ. ಹಾಕಲಿ. ಸಾಸೇಜು ತಿಂದ ಕೈಗಳು ಯಾವ ಕಡೆಗೆ ಬೇಕಾದರೂ ಏಳಲಿ. ನಾನೇನು ಅದನ್ನು ಕೇಳಲು ಇಲ್ಲಿ ನಿಂತವಳಲ್ಲ. ಆ ಬಟ್ಟೆ ನನಗೆ ಬೇಕಾಗಿಯೂ ಇಲ್ಲ.

ಇನ್ನು ಪದ್ಯ. ಕಾರ್ಯದರ್ಶಿ ಲೋಥಾರ್ ಸ್ವತಃ ರಚಿಸಿದ್ದು. ಹೀಗೆ ಶುರುವಾಗುತ್ತದೆ:

"ಅಲೆಯ ಮೇಲೆ ನಲಿವ ಬಾವುಟ,
ನೆಲದ ಮೇಲೆ ನಮಗೆ ಮುಕುಟ!"

ಲೋಥಾರ್, ನಮ್ಮ ಬಾವುಟ ಅಲೆಯನ್ನು ನೋಡಿದ್ದು ಯಾವಾಗಪ್ಪಾ? ಅದರ ವಾಸ ಗಾಜಿನ ಕಪಾಟಿನಲ್ಲಿ. ಮುಟ್ಟಬೇಕಾದರೆ ಬಿಳಿ ಕೈಗವಸು. ಮೋಡ ಕಂಡರೆ ಪ್ಲಾಸ್ಟಿಕ್ ಅಂಗಿ. ಬದುಕಿಡೀ ನೀರಿನ ಮೇಲೆ ಕಳೆದವರ ಬಾವುಟಕ್ಕೆ ಇರುವುದು ಒಂದೇ ಷರತ್ತು: ಅದು ಒದ್ದೆಯಾಗಬಾರದು! ಇಂಥ ಬಾವುಟದ ಮೇಲೆ ಪದ್ಯ ಬರೆಯಲು ಲೋಥಾರನೇ ಆಗಬೇಕೆ? ನಾನೂ ಒಂದು ಕಟ್ಟಿದ್ದೇನೆ, ಕೇಳಿ:

"ಬಿಸಿಲಿಗೆ ಬಾಡೀತು, ಮಳೆಗೆ ಬಣ್ಣ ಬಿಟ್ಟೀತು,
ಗಾಳಿಗೆ ಹರಿದೀತು, ಬೀರಿಗೆ ಮಾತ್ರ ಹೊರಬಂದೀತು!"

ನಗಬಹುದು. ಲೋಥಾರ್ ನಗುತ್ತಿಲ್ಲ, ಇರಲಿ.

ಈಗ ಆ ಕಸೂತಿಯನ್ನು ದಯವಿಟ್ಟು ನೋಡಿ. ಒಂದು ಮಗ್ಗುಲಲ್ಲಿ ನಾವಿಕರನ್ನು ಕಾಯುವ ಸಂತ ನಿಕೊಲಸ್, ಇನ್ನೊಂದರಲ್ಲಿ ಹಡಗು. ನಕ್ಷೆ ಒಪ್ಪುವುದಕ್ಕೆ ಸಮಿತಿಯೊಂದಿತ್ತು. ಎಲ್ಲರೂ ಹಡಗು ನಡೆಸಿದವರೇ. ಇಡೀ ಚಳಿಗಾಲ ಇದೇ ಕೋಣೆಯಲ್ಲಿ ಕುಳಿತು ಜಗಳವಾಡಿದರು. ಏನು ಜಗಳ?

"ಹಡಗು ಪ್ರವಾಹಕ್ಕೆ ಎದುರು ಹೋಗ್ತಿದೆ ಕಣೋ, ಮೂತಿ ಹತ್ರ ನೊರೆ ನೋಡು!"

"ನೊರೆ ಅಲ್ಲ ಅದು, ನೂಲು. ಖಾಲಿ ಹಡಗು, ಕೆಳಗಡೆಗೇ ಹೋಗ್ತಿರೋದು."

"ಖಾಲಿ ಹಡಗು ಇಷ್ಟು ಮುಳುಗಿರುತ್ತೇನೋ ದಡ್ಡ? ನಿನ್ನ ಅಪ್ಪ ನಿನ್ನ ಕೈಗೆ ಹೇಗಪ್ಪಾ ಹಡಗು ಕೊಟ್ಟ?"

ಕೊನೆಗೆ ಅಧ್ಯಕ್ಷರು ಮೇಜು ಗುದ್ದಿ, "ಉಪ್ಪು ತುಂಬಿದೆ, ಕೆಳಗೆ ಹೋಗ್ತಿದೆ, ಸಭೆ ಮುಗೀತು!" ಎಂದರು. ಒಳ್ಳೆಯದು. ಉಪ್ಪು ತುಂಬಿದೆ. ಆದರೆ ಚುಕ್ಕಾಣಿ ಕೋಣೆಯ ಕಿಟಕಿಗಳನ್ನು ನೋಡಿದಿರಾ? ಬಂಗಾರದ ದಾರದಲ್ಲಿ ಎಷ್ಟು ಚಂದ ಹೊಳೆಯುತ್ತಿವೆ! ಒಳಗೆ ಯಾರಿದ್ದಾರೆ? ಯಾರೂ ಇಲ್ಲ. ಇಷ್ಟು ಜನ ನಾವಿಕರು ಸೇರಿ, ನಾವಿಕನೇ ಇಲ್ಲದ ಹಡಗೊಂದನ್ನು ಹೊಳೆಗೆ ಬಿಟ್ಟಿದ್ದೀರಿ. ಬೆಳಿಗ್ಗೆ ಅದಕ್ಕೆ ಪವಿತ್ರಜಲವೂ ಬಿತ್ತು.

ನೀವೀಗ ಕತ್ತು ಉದ್ದ ಮಾಡಿ ನೋಡುತ್ತಿದ್ದೀರಿ. ನನಗೆ ಅದನ್ನು ಕಂಡಾಗ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಹಡಗೂ ಹೀಗೇ ನಡೆಯುತ್ತಿತ್ತು. ಅಪ್ಪ ಕೆಳಗೆ ಮಲಗಿರುತ್ತಿದ್ದ. ದಣಿದು ಕೆಲವು ಸಲ, ಕುಡಿದು ಕೆಲವು ಸಲ. ಚುಕ್ಕಾಣಿಯಲ್ಲಿ ಅಮ್ಮ, ವಾಲ್ಬುರ್ಗಾ. ಒಂದು ಕೈ ಚಕ್ರದ ಮೇಲೆ, ತೊಡೆಯ ಮೇಲೆ ಆಲೂಗಡ್ಡೆ ಬುಟ್ಟಿ, ನಾನು ನೀರಿಗೆ ಬೀಳದ ಹಾಗೆ ನನ್ನ ಸೊಂಟದ ಹಗ್ಗದ ತುದಿ ಅವಳ ಕುರ್ಚಿಯ ಕಾಲಿಗೆ. ಸಂಘದ ಲೆಕ್ಕದಲ್ಲಿ ಆಗಲೂ ಆ ಕೋಣೆ ಖಾಲಿಯೇ.

ಅಪ್ಪ ಬಾವುಟ ಹೊರುವವನಾಗಿದ್ದ. ಆ ಕಾಲದಲ್ಲಿ ಕಪಾಟು ಇರಲಿಲ್ಲ, ಹಳೆಯ ಬಾವುಟ ನಮ್ಮಲ್ಲೇ ಇರುತ್ತಿತ್ತು. ಪ್ರತಿ ವರ್ಷ ಹಬ್ಬಕ್ಕೆ ಮೊದಲು ಅಮ್ಮ ಅದನ್ನು ಮೇಜಿನ ಮೇಲೆ ಹರಡಿ, ಹುಳ ತಿಂದಲ್ಲಿ ಹೊಲಿಯುತ್ತಿದ್ದಳು. ಸಂತ ನಿಕೊಲಸನ ಅರ್ಧ ಗಡ್ಡ ಅವಳದೇ ಹೊಲಿಗೆ. ನಾನೊಮ್ಮೆ ರೇಗಿದೆ: "ಬಿಡಮ್ಮಾ, ಅವರ ಬಾವುಟ, ಅವರೇ ಹೊಲ್ಕೊಳ್ಳಲಿ." ಅವಳು ಹಲ್ಲಿನಿಂದ ದಾರ ಕಡಿದು, "ಸುಮ್ನಿರೇ. ನನ್ನ ಸರದಿ ಬಂದಾಗ ಅಂಚು ಕಿತ್ತುಹೋಗಿದ್ರೆ ಚೆನ್ನಾಗಿರುತ್ತಾ?" ಎಂದಳು. ಎಂಥ ಮಳ್ಳು ಹೆಂಗಸು, ನೋಡಿ! ನಿಯಮ ಅವಳಿಗೂ ಗೊತ್ತಿತ್ತು. ಅಷ್ಟು ವರ್ಷದಲ್ಲಿ ನಿಯಮವೂ ಸ್ವಲ್ಪ ಸವೆದಿರುತ್ತದೆ ಎಂದು ನಂಬಿದ್ದಳು, ಅಷ್ಟೇ.

ಹೋದ ವರ್ಷ ಎರಡು ಸಾವಾದವು. ಮೊದಲು ಊಡೋ. ಅವರ ಆತ್ಮಕ್ಕೆ ಶಾಂತಿ ಸಿಗಲಿ. ಯೌವನದಲ್ಲೇ ಅಪ್ಪನ ಹಡಗು ಮಾರಿ ಟೈರ್ ಅಂಗಡಿ ಇಟ್ಟವರು. ಆಮೇಲೆ ನೀರಿಗೆ ಇಳಿದದ್ದು ಈಜುಕೊಳದಲ್ಲಿ. ಆದರೆ ವರ್ಷವರ್ಷ ಚಂದಾ ಕಟ್ಟಿದ್ದರು. ಅವರಿಗೆ ಬಾವುಟ ಬಾಗಿತು, ಬ್ಯಾಂಡು ಮೊಳಗಿತು. ಎರಡನೆಯ ಸಲ ಬಾಗಿಸುವಾಗ, ಈಗ ಬಾವುಟ ಹೊರುವ ನಮ್ಮ ಫೋಲ್ಕರ್ ಕಾಲು ಜಾರಿ ತಾನೂ ಊಡೋ ಜೊತೆ ಹೋಗುತ್ತಿದ್ದ. ಇಬ್ಬರು ಬೆಲ್ಟು ಹಿಡಿದೆಳೆದರು.

ಆಮೇಲೆ, ಅಕ್ಟೋಬರಿನಲ್ಲಿ, ಅಮ್ಮ. ಪೆಟ್ಟಿಗೆಯ ಹಿಂದೆ ನಾನು ನಡೆಯುತ್ತಿದ್ದೆ. ಗೇಟಿನ ಪಕ್ಕ ಫೋಲ್ಕರ್ ಚೀಲ ಹಾಕಿದ ಬಾವುಟ ಹಿಡಿದು ನಿಂತಿದ್ದ.

"ಒಳಗೆ ಬಾರೋ," ಎಂದೆ.

"ಬರ್ತಿದ್ದೆ ಕಣೇ. ನಿಯಮ ಇದೆಯಲ್ಲಾ." ನನ್ನ ಮುಖ ನೋಡಲಾರದೆ ಆಕಾಶ ನೋಡಿದ. "ಅದೂ ಅಲ್ದೆ, ಮಳೆ ಬರೋ ಹಾಗಿದೆ."

ಸಭಿಕರೇ, ಇಂಥ ಬಾವುಟದ ಮುಂದೆ ಯಾರಾದರೂ ಕೈ ಚಾಚುತ್ತಾರೆಯೇ? ಹನಿ ನೀರಿಗೆ ಹೆದರುವ, ಹುಳಕ್ಕೆ ಹೆದರುವ, ಸತ್ತ ಹೆಂಗಸಿಗೆ ಹೆದರುವ ಒಂದು ಗಜ ರೇಷ್ಮೆ! ಆ ದಿನ ಗುಂಡಿಯ ಪಕ್ಕ ನಿಂತು ನಾನು ಮನಸ್ಸಿನಲ್ಲೇ ನಕ್ಕೆ. ಪಾದ್ರಿಗಳು ಅಮ್ಮನ ಬಗ್ಗೆ ಬಹಳ ಚೆನ್ನಾಗಿ ಮಾತನಾಡಿದರು. ಅವರು ಹೇಳಿದ್ದು...

ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ. ನಾನು ನಗಲೂ ಇಲ್ಲ. ಅಷ್ಟು ಹೊತ್ತೂ ಗೇಟಿನ ಕಡೆಗೇ ನೋಡುತ್ತಿದ್ದೆ. ಈಗ ಬರ್ತಾನೆ, ಮಣ್ಣು ಹಾಕುವ ಮೊದಲು ಬಂದೇ ಬರ್ತಾನೆ ಎಂದುಕೊಂಡು, ಸಲಿಕೆ ಹಿಡಿದು ನಿಂತವರಿಗೆ "ಸ್ವಲ್ಪ ತಾಳಿ" ಎಂದು ಕೂಡ ಹೇಳಿದೆ. ಅವರು ತಾಳಿದರು. ಅವನು ಬರಲಿಲ್ಲ.

ಆ ಬಟ್ಟೆ ಬೇಡವೆಂದು ಆಗಲೇ ಇಲ್ಲಿ ನಿಂತು ಹೇಳಿದ್ದು ಸುಳ್ಳು. ನನಗೆ ಅದು ಬೇಕು. ಹಡಗಿನಲ್ಲಿ ನಾನೊಬ್ಬಳೇ. ನನ್ನ ಗುಂಡಿಯ ಪಕ್ಕ ನಿಲ್ಲುವವರು ನಿಮ್ಮನ್ನು ಬಿಟ್ಟರೆ ಯಾರೂ ಇಲ್ಲ. ಅಮ್ಮನದು ಮುಗಿಯಿತು. ನನಗೆ ಬಾಗಿಸಿ. ಊಟವಾದ ಮೇಲೆ ದಯವಿಟ್ಟು ಕೈ ಎತ್ತಿ. ಕೇಳಲು ನಾಲಗೆ ಏಳದೆ ಇಷ್ಟು ಹೊತ್ತು ಅಣಕಿಸಿದೆ.

ತಾಳ್ಮೆಯಿಂದ ಕುಳಿತಿದ್ದಕ್ಕೆ ಎಲ್ಲರಿಗೂ ವಂದನೆ. ಲೋಥಾರ್, ನಿನಗೂ. ನಮಸ್ಕಾರ.