ಹಿಂದಿನ ಸೀಟಿನ ಬೆಲ್ಟ್ ನೋಡಿಲ್ಲ

ದೆವ್ವ ಗಿವ್ವ ನಾನು ನಂಬೋಳಲ್ಲ. ಜೆರಾಕ್ಸ್ ಅಂಗಡಿ ಇಟ್ಕೊಂಡಿರೋಳು ನಾನು. ಕಾಗದದಲ್ಲಿ ಇದ್ರೆ ಇದೆ, ಇಲ್ದಿದ್ರೆ ಇಲ್ಲ, ಅಷ್ಟೇ ನನ್ನ ವೇದಾಂತ. ಆದ್ರೆ ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಕಾಗದಾನೂ ನಾನೇ ಕೈಯಾರೆ ಕಾಪಿ ತೆಗ್ದಿದ್ದು. ಸ್ವಲ್ಪ ಹತ್ರ ಬನ್ನಿ... ಜೋರಾಗಿ ಹೇಳೋಕೆ ನನಗಿಷ್ಟ ಇಲ್ಲ.

ಅಣ್ಣನಿಗೆ ನಾವು ಇಟ್ಟಿದ್ದ ಹೆಸರು 'ಇನ್ನೊಂದ್ಸಲ'. ಅವನ ಕೆಲಸ ಲಿಫ್ಟ್ ತಪಾಸಣೆ. ಉಕ್ಕಿನ ಹಗ್ಗ, ಬ್ರೇಕು, ಬಾಗಿಲು ಎಲ್ಲಾ ನೋಡಿ, ಒಳಗೆ ನೇತುಹಾಕಿರೋ ಕಾರ್ಡಿಗೆ ಸಹಿ ಹಾಕೋದು. ಎಲ್ಲಾ ನೋಡಿ ಮುಗಿಸಿದ್ಮೇಲೂ "ಇನ್ನೊಂದ್ಸಲ ನೋಡ್ಬಿಡ್ತೀನಿ" ಅಂತ ಮತ್ತೆ ಹತ್ತೋನು. ಮನೇಲೂ ಅದೇ ಕತೆ. ಬೀಗ ಇನ್ನೊಂದ್ಸಲ, ಗ್ಯಾಸ್ ಇನ್ನೊಂದ್ಸಲ. ಮದುವೆಗೆ ಒಪ್ಪಿಗೇನಾ ಅಂತ ಅತ್ತಿಗೇನ ಮೂರು ಸಲ ಕೇಳಿದ್ನಂತೆ, ಅವಳೇ ಹೇಳ್ಕೊಂಡು ನಗ್ತಿದ್ಲು. ಅತ್ತಿಗೆ ತೀರ್ಕೊಂಡ್ಮೇಲೆ ಆ ಮನೇಲಿ ನಗು ನಿಂತ್ಹೋಯ್ತು, ತಪಾಸಣೆ ಮಾತ್ರ ಉಳ್ಕೊಂಡಿತು.

ಉಳಿದೋರು ಇಬ್ಬರೇ. ಅವನು, ಏಳು ವರ್ಷದ ಮಗಳು. ಮಗೂಗೆ ಉಬ್ಬಸ. ಬಂದ್ರೆ ರಾತ್ರೀನೇ ಬರೋದು. ಆಸ್ಪತ್ರೆ ಅಷ್ಟು ದೂರ... ಆ ಹೊತ್ತಲ್ಲಿ ಒಂದು ಗಾಡಿ ಸಿಗಲ್ಲ.

ಒಂದು ರಾತ್ರಿ ಆಸ್ಪತ್ರೆಯಿಂದ ವಾಪಸ್ ಬರೋವಾಗ ಕೊನೇ ಬಸ್ಸು ತಪ್ಪಿಹೋಯ್ತು. ಮಗೂನ ಹೆಗಲ ಮೇಲೆ ಮಲಗಿಸ್ಕೊಂಡು ನಡೀತಾ ಬಂದ. ಕಿವಿ ಪಕ್ಕದಲ್ಲೇ ಅವಳ ಉಸಿರು... ಸುಂಯ್... ಸುಂಯ್... ದಾರೀಲಿ ಒಂದು ಹಾಳು ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಕೈ ಸೋತು ಅಲ್ಲಿ ನಿಂತ. ಬಾವಿ ಪಕ್ಕ ಒಂದು ಹಳೇ ಕಾರು. ಗಾಜಿಗೆ ಚೀಟಿ ಅಂಟಿಸಿತ್ತು, ಮಾರಾಟಕ್ಕಿದೆ ಅಂತ.

ಆಗ ಕಾರಿನ ಒಳಗಿಂದ ಸದ್ದು.

ಸರ್‍ರ್... ಟಕ್.

ಸೀಟ್ ಬೆಲ್ಟ್ ಎಳೆದು ಸಿಗಿಸಿದ ಸದ್ದು. ಅಣ್ಣ ಬಗ್ಗಿ ನೋಡಿದ. ಒಳಗೆ ಯಾರೂ ಇಲ್ಲ. ಮಗು ಕಣ್ಣು ಮುಚ್ಕೊಂಡೇ ಪಿಸುಗುಟ್ಟಿದ್ಲು.

"ಅಪ್ಪಾ, ಅವರನ್ನ ಕೇಳು... ನಮ್ಮನ್ನ ಮನೆಗೆ ಬಿಡ್ತಾರಾ ಅಂತ."

"ಯಾರನ್ನ ಪುಟ್ಟಾ?"

ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು.

ಬೇರೆ ಯಾರಾದ್ರೂ ಆಗಿದ್ರೆ ಆ ರಸ್ತೇಗೇ ಕಾಲಿಡ್ತಿರಲಿಲ್ಲ. ನಮ್ಮ ಅಣ್ಣ ಮಾರನೇ ದಿನ ಬೆಳಕು ಹರಿಯೋದರೊಳಗೆ ಅಲ್ಲಿಗೆ ಹೋದ, ಜೊತೆಗೆ ಮೆಕ್ಯಾನಿಕ್ ಮಾವನ್ನೂ ಎಳ್ಕೊಂಡು. ಹಳೇ ಗಾಡಿ ತಣ್ಣಗಿರೋವಾಗ್ಲೇ ನೋಡ್ಬೇಕಂತೆ. ಮಾರೋರು ಮುಂಚೇನೇ ಇಂಜಿನ್ ಬಿಸಿ ಮಾಡಿಟ್ರೆ ರೋಗ ಗೊತ್ತಾಗಲ್ಲ ಅಂತಾನೆ. ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ, ತಣ್ಣಗಿತ್ತು. ಓನರ್ ಹತ್ರ ಕೀಲಿ ಇಸ್ಕೊಂಡು ತಿರುಗಿಸಿದ, ಒಂದೇ ಏಟಿಗೆ ಸ್ಟಾರ್ಟ್ ಆಯ್ತು. ಮಾವ ಅಡೀಲಿ ತೂರ್ಕೊಂಡು ತುಕ್ಕು ಕೆರೆದು ನೋಡಿದ್ರು, ಟೈರು, ಬ್ರೇಕು, ಆಯಿಲು ಎಲ್ಲಾ ನೋಡಿದ್ರು. "ಇನ್ನೊಂದ್ಸಲ" ಅಂದ ಅಣ್ಣ. ಮಾವ ಬೈಕೊಂಡು ಮತ್ತೆ ತೂರಿದ್ರು.

"ಗಾಡಿ ಕಲ್ಲುಗುಂಡು ಇದ್ದಂಗಿದೆ ಕಣೋ," ಅಂದ್ರು.

ಓನರ್ ಒಬ್ಬರು ವಯಸ್ಸಾದ ಲೈಬ್ರರಿ ಮೇಡಂ, ಒಂಟಿ ಜೀವ. ಅಣ್ಣ ಹಳೇ ತಪಾಸಣೆ ಕಾಗದ ಕೇಳಿದ. ಅವರು ವರ್ಷಕ್ಕೊಂದು ಸಲ ಗಾಡೀನ ತಪಾಸಣೆ ಕೇಂದ್ರಕ್ಕೆ ತಗೊಂಡು ಹೋಗ್ತಿದ್ರಂತೆ, ಅದರ ವರದಿಗಳು. ಎಂಟು ವರ್ಷದ್ದು, ಒಂದೂ ಬಿಡದೆ ಫೈಲಿನಲ್ಲಿಟ್ಟಿದ್ರು. ಎಂಟರಲ್ಲೂ ಪಾಸು. ಕಿಲೋಮೀಟರ್ ಲೆಕ್ಕಾನೂ ಸರಿ. ಆದ್ರೆ ಕೆಳಗಡೆ, ಷರಾ ಬರೆಯೋ ಜಾಗದಲ್ಲಿ...

'ಹಿಂಬದಿ ಎಡ ಸೀಟಿನ ಬೆಲ್ಟ್ ಪರೀಕ್ಷಿಸಿಲ್ಲ. ಸೀಟಿನಲ್ಲಿ ವ್ಯಕ್ತಿ ಕುಳಿತಿದ್ದರು, ಇಳಿಯಲಿಲ್ಲ.'

ಎಂಟು ವರ್ಷಾನೂ ಅದೇ ಮಾತು. ಕೈಬರಹ ಬೇರೆ ಬೇರೆ, ಸಹಿ ಬೇರೆ ಬೇರೆ.

ಅಣ್ಣ ಮೆಲ್ಲಗೆ ಕೇಳಿದ. "ಯಾರನ್ನ ಕರ್ಕೊಂಡು ಹೋಗಿದ್ರಿ ಮೇಡಂ?"

"ನಾನು ಒಬ್ಬಳೇ ಹೋಗಿದ್ದು."

"ಎಂಟು ಸಲಾನೂ?"

"ಎಂಟು ಸಲಾನೂ ಒಬ್ಬಳೇ."

ಮಾವ ಎದ್ದು ಕೈ ಒರೆಸ್ಕೊಂಡ್ರು. "ಬೇಡ ಕಣೋ ಇದು. ನಡಿ."

"ಕೂತಿದ್ರೆ ಕೂತಿರ್ಲಿ ಬಿಡಿ ಮಾವ," ಅಂದ ಅಣ್ಣ. "ರಾತ್ರಿ ಎಷ್ಟೊತ್ತಿಗೆ ತಿರುಗಿಸಿದ್ರೂ ಸ್ಟಾರ್ಟ್ ಆಗುತ್ತಲ್ಲ, ನನಗೆ ಅಷ್ಟು ಸಾಕು."

ತಗೊಂಡ. ನನಗೆ ಆ ಕಾಗದ ತೋರಿಸಿದಾಗ ನಾನು ಬಾಯಿಗೆ ಬಂದಂಗೆ ಬೈದೆ. "ನಿನ್ನ ಬುದ್ಧಿ ಏನು ಹುಲ್ಲು ಮೇಯೋಕೆ ಹೋಗಿತ್ತಾ?" ಅಂದೆ. ಅವನು ಕಾಗದ ಮಡಚಿ ಫೈಲಿಗೆ ಸೇರಿಸ್ದ. ಅವನಿಗೆ ಭಯ ಆಗಿದ್ರೆ ನನಗೆ ಸಮಾಧಾನ ಆಗ್ತಿತ್ತೇನೋ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಆಮೇಲೆ ಆ ರಾತ್ರಿ ಬಂತು. ಅದನ್ನ ಅವನೇ ನನಗೆ ಹೇಳಿದ್ದು, ಬೇರೆ ಯಾರದೋ ಮನೆ ವಿಷಯ ಹೇಳೋ ಥರ.

ರಾತ್ರಿ ಎರಡು ಗಂಟೆ. ಮಗೂಗೆ ಉಸಿರು ಸಿಗ್ತಿಲ್ಲ. ತುಟಿ ನೀಲಿ ಆಗಿದೆ. ಎತ್ಕೊಂಡು ಓಡಿ ಬಂದು ಹಿಂದಿನ ಬಾಗಿಲು ತೆಗೆದ. ಎಡಗಡೆ ಬೆಲ್ಟು ಆಗಲೇ ಸಿಗಿಸಿತ್ತು. ಖಾಲಿ ಸೀಟು... ಬೆಲ್ಟು ಮಾತ್ರ ಉಬ್ಬಿ ನಿಂತಿತ್ತು. ಅದನ್ನ ನೋಡಿದ. ಮಗೂನ ಬಲಗಡೆ ಮೆತ್ತೆ ಮೇಲೆ ಕೂರಿಸಿ ಬೆಲ್ಟ್ ಹಾಕ್ದ.

ಆಮೇಲೆ... ಗಾಡಿ ಸುತ್ತ ಒಂದು ಸುತ್ತು ಬಂದ.

ಹೌದು ಕಣ್ರೀ. ನಾಲ್ಕೂ ಟೈರು ಒದ್ದು ನೋಡಿದ. ದೀಪ ನೋಡಿದ. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದ. ದಿನಾ ಮಾಡ್ತಿದ್ನಲ್ಲ, ಅದಕ್ಕೆ. "ಕಾಲು ತಾನಾಗೇ ಹೋಯ್ತು," ಅಂದ ನನ್ನ ಹತ್ರ. "ನಾಲ್ಕು ನಿಮಿಷ ಆಗಿರ್ಬೇಕು."

ಕೀಲಿ ತಿರುಗಿಸಿದ. ಒಂದೇ ಏಟಿಗೆ ಸ್ಟಾರ್ಟ್ ಆಯ್ತು.

ದಾರೀಲಿ ಹಿಂದಿನಿಂದ ಸುಂಯ್... ಸುಂಯ್... ಕೇಳ್ತಾನೇ ಇತ್ತು. ಅರ್ಧ ದಾರೀಲಿ ಮಗು ಮೆತ್ತಗೆ ಮಾತಾಡಿದ್ಲು. ಇವನ ಹತ್ರ ಅಲ್ಲ.

"ನೀವು ಎಲ್ಲಿ ಇಳಿಯೋದು?"

ಅಣ್ಣನಿಗೆ ಕೇಳಿಸಿದ್ದು ಟೈರಿನ ಸದ್ದು ಮಾತ್ರ.

"ಹಂಗಾದ್ರೆ ನಾನೂ ಇಳಿಯಲ್ಲ," ಅಂದ್ಲು.

ಆಮೇಲೆ ಸುಂಯ್ ಅನ್ನೋದು ನಿಂತ್ಹೋಯ್ತು. ಅಣ್ಣ ಕನ್ನಡೀಲಿ ನೋಡಿದ, ತಲೆ ಎಡಕ್ಕೆ ವಾಲಿಸ್ಕೊಂಡು ಮಲಗಿದ್ಲು. ಸದ್ಯ, ಉಸಿರು ಸಲೀಸಾಯ್ತು ಅಂದ್ಕೊಂಡ.

ಡಾಕ್ಟರು ಹೇಳಿದ್ದು ಒಂದೇ ಮಾತು. "ಎರಡು ಮೂರು ನಿಮಿಷ ಮುಂಚೆ ಬಂದಿದ್ರೆ..."

ಅವನು ಅಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ವಾರ ಕಳೆದ್ಮೇಲೆ ಲಿಫ್ಟ್ ಕೆಲಸಕ್ಕೆ ಹೋದ. ಒಂದೇ ಸಲ ನೋಡಿ ಸಹಿ ಹಾಕ್ತಿದ್ನಂತೆ. ಅದನ್ನ ಕೇಳಿ ನಾನು ಅಂಗಡಿ ಬಾಗಿಲು ಎಳ್ಕೊಂಡು ಒಳಗೆ ಕೂತು ಅತ್ತೆ.

ಕಾರು ಮಾರ್ಬಿಡು ಅಂತ ಎಲ್ಲರೂ ಹೇಳಿದ್ವಿ. ಅವನು ಹಾಗೇ ಇಟ್ಕೊಂಡಿದ್ದ. ವರ್ಷದ ತಪಾಸಣೆ ಬಂತು, ಒಬ್ಬನೇ ಹೋದ. ಅಲ್ಲಿಂದ ಸೀದಾ ನನ್ನ ಅಂಗಡಿಗೆ ಬಂದ. "ಎರಡು ಕಾಪಿ ಹಾಕಮ್ಮ," ಅಂದ. ನಾನು ಗಾಜಿನ ಮೇಲೆ ಕಾಗದ ಮಗುಚಿಡೋ ಮುಂಚೆ ಓದ್ದೆ.

'ಹಿಂಬದಿ ಎರಡೂ ಬೆಲ್ಟ್ ಪರೀಕ್ಷಿಸಿಲ್ಲ. ಇಬ್ಬರು ಕುಳಿತಿದ್ದರು.'

ಮೊದಲನೇ ಕಾಪಿ ಸೊಟ್ಟ ಬಂತು. ಅವನು ಅದನ್ನೂ ಮಡಚಿ ಜೇಬಿಗೆ ಹಾಕ್ಕೊಂಡ.

ಅವತ್ತಿಂದ ವರ್ಷಕ್ಕೊಂದ್ಸಲ ಹೋಗೋ ಕಡೆ, ಮೂರು ತಿಂಗಳಿಗೊಂದ್ಸಲ ಹೋಗ್ತಾನೆ. ಕೇಂದ್ರದೋರು, ಎಷ್ಟು ಜಾಗ್ರತೆ ಮನುಷ್ಯ ನೋಡಿ, ಅಂತ ಹೊಗಳ್ತಾರಂತೆ. ಒಂದ್ಸಲ ನಾನೇ ಕೇಳ್ಬಿಟ್ಟೆ.

"ಯಾಕಣ್ಣಾ ಇಷ್ಟು ಸಲ?"

"ನನಗೆ ಕಾಣಲ್ಲಮ್ಮ," ಅಂದ. "ಅವರಿಗೆ ಕಾಣ್ತಾಳೆ."

ಅಷ್ಟು ಹೇಳಿ ಕಾಗದ ಮುಂದಕ್ಕೆ ತಳ್ಳಿದ. ಅವನ ಮುಖದಲ್ಲಿ ಏನೂ ಇರಲಿಲ್ಲ.

ಈಗ ಮಗು ಹೋಗಿ ಮೂರು ವರ್ಷ. ಮೊನ್ನೆ ಸಂಜೆ ಮತ್ತೆ ಬಂದ. ಹೊಸ ವರದಿ. ಈ ಸಲ ಬರೆದಿರೋನು ಯಾರೋ ಹೊಸಬ, ಗುಂಡಗಿನ ಅಕ್ಷರ. ಹಿಂಬದಿ ಬೆಲ್ಟ್ ಪರೀಕ್ಷಿಸಿಲ್ಲ, ಇಬ್ಬರು ಕುಳಿತಿದ್ದರು. ಅದರ ಕೆಳಗೆ ಇನ್ನೊಂದು ಸಾಲು.

'ಬಲಗಡೆ ಕುಳಿತಿರುವ ಮಗು ಎತ್ತರ ಬೆಳೆದಿದೆ. ಕೂರಲು ಹಾಕಿರುವ ಮೆತ್ತೆ ಇನ್ನು ಬೇಕಿಲ್ಲ.'

ಅಣ್ಣ ಅದನ್ನ ಓದಿದ. ಮತ್ತೆ ಓದಿದ. ಹೊರಗೆ ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದ. ಮೆತ್ತೆ ತಂದು ನನ್ನ ಕೌಂಟರ್ ಮೇಲಿಟ್ಟ.

"ಇನ್ನು ಬೇಡ್ವಂತೆ," ಅಂದು ಹೊರಟುಹೋದ.

ನೀವು ಹೂಂ ಅಂದ್ರೂ ಸರಿ, ಉಹೂಂ ಅಂದ್ರೂ ಸರಿ, ಇದು ನಡೆದಿದ್ದು. ಆ ಮೆತ್ತೆ ಈಗ್ಲೂ ನನ್ನ ಅಂಗಡೀಲೇ ಇದೆ. ಮಗೂಗೆ ಬೆಲ್ಟು ಕುತ್ತಿಗೆಗೆ ಒತ್ತುತ್ತೆ ಅಂತ ಅದನ್ನ ಕೊಡಿಸಿದ್ದು ನಾನೇ, ಆ ರಾತ್ರಿಗೆ ಎಂಟು ದಿನ ಮುಂಚೆ, ಹೊಚ್ಚ ಹೊಸದು. ಆಮೇಲೆ ಯಾರೂ ಅದರ ಮೇಲೆ ಕೂತಿಲ್ಲ. ಈಗ ನಡುವಿನ ಬಟ್ಟೆ ಪೂರ್ತಿ ಸವೆದು, ಒಳಗಿನ ಸ್ಪಂಜು ಕಾಣ್ತಿದೆ.